ಒಂಬತ್ತು ಹೆಜ್ಜೆಯ ಕೋಣೆ

ಟೇಪಕ್ಕನಿಗೆ ಆ ಹೆಸರು ಯಾರಿಟ್ಟರೋ ಯಾರಿಗೂ ನೆನಪಿಲ್ಲ. ಕುತ್ತಿಗೆಗೆ ಅಳತೆ ಟೇಪು ಸುತ್ತಿಕೊಂಡೇ ಹುಟ್ಟಿದವಳು ಎಂದು ಅವಳ ಗಂಡ ತಮಾಷೆ ಮಾಡುತ್ತಿದ್ದ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅದು ಕೊರಳಿಗೆ ಬೀಳುತ್ತಿತ್ತು. ಹಳದಿ ಬಣ್ಣ ಮಾಸಿ, ಏಳನೆಯ ಇಂಚಿನ ಹತ್ತಿರ ಇಸ್ತ್ರಿ ತಗುಲಿದ ಕಂದು ಕಲೆ ಇದ್ದ ಟೇಪು. ದೊಡ್ಡ ಆಫೀಸು ಕಟ್ಟಡದ ಕೆಳಗೆ, ಮೆಟ್ಟಿಲಿನ ಅಡಿಯಲ್ಲಿ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಕಾಯಬೇಕಾದಷ್ಟು ಜಾಗ. ಹೊಸ ಬಟ್ಟೆ ಹೊಲಿಯುವುದು ಅಪರೂಪ. ಪ್ಯಾಂಟು ಗಿಡ್ಡ ಮಾಡುವುದು, ಕೋಟಿನ ಸೊಂಟ ಬಿಡಿಸುವುದು, ಒಳಗಿನ ಹರಿದ ಅಸ್ತರು ಬದಲಿಸುವುದು, ಇಂಥದೇ ಕೆಲಸ ದಿನವಿಡೀ.

ಸೊಂಟದ ಅಳತೆ ಕೊಡುವಾಗ ಜನ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಗಂಡಸಾಗಲಿ ಹೆಂಗಸಾಗಲಿ, ಟೇಪು ಮೈಗೆ ತಾಗಿದ ಕೂಡಲೇ ಉಸಿರು ಬಿಗಿ ಹಿಡಿದು, ಗೋಡೆ ನೋಡುತ್ತ, ಏನೂ ಗೊತ್ತಿಲ್ಲದವರ ಹಾಗೆ ನಿಲ್ಲುತ್ತಾರೆ. ಟೇಪಕ್ಕ ಬಿಡುವವಳಲ್ಲ.

"ಉಸಿರು ಬಿಡಿ ಸಾರ್. ನನಗೆ ಸುಳ್ಳು ಹೇಳಬಹುದು, ಪ್ಯಾಂಟಿನ ಗುಂಡಿಗೆ ಹೇಳೋಕಾಗಲ್ಲ. ಕುರ್ಚಿ ಮೇಲೆ ಕೂತ ತಕ್ಷಣ ಹಾರಿ ಎದುರಿಗಿದ್ದೋರ ಕಣ್ಣಿಗೆ ಬೀಳುತ್ತೆ."

ಸರದಿಯಲ್ಲಿ ನಿಂತವರು ನಗುತ್ತಿದ್ದರು. ಅಳತೆ ಕೊಡುತ್ತಿದ್ದವನ ಕಿವಿ ಕೆಂಪಾಗುತ್ತಿತ್ತು. ಅವನಿಗೆ ಹೇಗಾಗುತ್ತದೆ ಎಂದು ಟೇಪಕ್ಕ ಒಂದು ದಿನವೂ ಯೋಚಿಸಿದವಳಲ್ಲ. ಅಳತೆಗೆ ಮುಲಾಜಿಲ್ಲ ಎಂಬುದು ಅವಳ ಮಾತು. ಆ ಮಾತನ್ನು ಬೇರೆಯವರಿಗೆ ಹೇಳುವುದು ಸುಲಭ.

ಕ್ಯಾಮೆರಾ ಅವಳ ಕೈಗೆ ಬಂದದ್ದು ತಂಗಿಯ ಗಂಡನಿಂದ. ಅವನು ಹೊಸದು ಕೊಂಡು, ಹಳೆಯದನ್ನು ಬಟ್ಟೆಯ ಚೀಲದಲ್ಲಿ ಹಾಕಿ ತಂದುಕೊಟ್ಟ.

"ಅತ್ತಿಗೆ, ಕ್ಯಾಮೆರಾ ಗಟ್ಟಿಯಾಗಿದೆ. ಲೆನ್ಸಿಗೆ ಮಾತ್ರ ಒಳಗೆ ಬೂಷ್ಟು ಹಿಡಿದಿದೆ. ಎಲ್ಲಕ್ಕೂ ಆಗೋ ಒಂದು ಜೂಮ್ ಲೆನ್ಸ್ ತಗೊಂಡ್ರೆ ಇನ್ನು ಹತ್ತು ವರ್ಷ ನೋಡಬೇಕಾಗಿಲ್ಲ."

ಆ ಬೂಷ್ಟು ಹಿಡಿದ ಲೆನ್ಸಿನಲ್ಲೇ ಅವಳು ಒಂದು ತಿಂಗಳು ಫೋಟೋ ತೆಗೆದಳು. ಎಲ್ಲವೂ ಬಚ್ಚಲುಮನೆಯ ಹಬೆಯೊಳಗಿಂದ ನೋಡಿದ ಹಾಗೆ ಬರುತ್ತಿದ್ದವು. ಆದರೂ ಅವಳಿಗೆ ಹುಚ್ಚು ಹತ್ತಿತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಂಗಡಿಯ ಬಾಗಿಲಲ್ಲಿ ಕೂತು, ಮೆಟ್ಟಿಲು ಇಳಿಯುವ ಕಾಲುಗಳನ್ನು ತೆಗೆಯುತ್ತಿದ್ದಳು, ಎದುರಿನ ಕೊಳವೆಯ ಮೇಲೆ ಕೂತ ಪಾರಿವಾಳಗಳನ್ನು ತೆಗೆಯುತ್ತಿದ್ದಳು. ಐವತ್ತೊಂದನೆಯ ವಯಸ್ಸಿನಲ್ಲಿ ಇದೇನು ಎಂದು ಯಾರಾದರೂ ಕೇಳಿದರೆ, "ಸೂಜಿಗೆ ದಾರ ಪೋಣಿಸೋ ಕಣ್ಣು ಇನ್ನೂ ಇದೆ, ಅದಕ್ಕೆ ಒಂಚೂರು ಸಂಬಳ ಕೊಡ್ತಿದೀನಿ" ಎನ್ನುತ್ತಿದ್ದಳು.

ಒಳ್ಳೆಯ ಲೆನ್ಸು ಬೇಕೇಬೇಕು ಅನ್ನಿಸಿದ್ದು ಅಮ್ಮನಿಂದ. ಅಮ್ಮ ಅವಳ ಜೊತೆಗೇ ಇದ್ದರು. ಮನೆ ಮೂರನೆಯ ಮಹಡಿಯಲ್ಲಿ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನವರನ್ನೆಲ್ಲ ಮೇಲೆ ಹತ್ತಿಸುವವನ ಕಟ್ಟಡಕ್ಕೇ ಲಿಫ್ಟಿಲ್ಲ. ಮಂಡಿ ಹಿಡಿದ ಮೇಲೆ ಅಮ್ಮ ಎರಡು ವರ್ಷದಿಂದ ಕೆಳಗಿಳಿದಿರಲಿಲ್ಲ. ಮೂರು ವಾರ ಬಿಟ್ಟು ಬರುವ ಭಾನುವಾರಕ್ಕೆ ಅವರಿಗೆ ಎಂಬತ್ತು ತುಂಬುವುದಿತ್ತು, ಮೂವರು ಹೆಣ್ಣುಮಕ್ಕಳೂ ಬರುವವರಿದ್ದರು. ಏನು ಬೇಕಮ್ಮ ಎಂದು ಕೇಳಿದರೆ ಅಮ್ಮ ಹಳೆಯ ಆಲ್ಬಂ ಮಡಿಲಲ್ಲಿಟ್ಟುಕೊಂಡು ಹೇಳಿದರು:

"ನಿಮ್ಮ ಮೂವರನ್ನೂ ಒಂದೇ ಫೋಟೋದಲ್ಲಿ ನಾನು ನೋಡೇ ಇಲ್ಲ ಕಣೇ. ಒಬ್ಬಳು ಇದ್ರೆ ಇನ್ನೊಬ್ಬಳಿಲ್ಲ. ದೊಡ್ಡವಳಂತೂ ಯಾವುದ್ರಲ್ಲೂ ಇಲ್ಲ. ಅದೊಂದು ಆಗಲಿ."

ದೊಡ್ಡವಳು ಯಾವುದರಲ್ಲೂ ಇಲ್ಲದಿದ್ದಕ್ಕೆ ಕಾರಣವಿತ್ತು. ಅಪ್ಪ ಹೋದಾಗ ಅಕ್ಕನಿಗೆ ಹದಿಮೂರು. ಆ ವಾರವೇ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಒದ್ದೆ ಬಟ್ಟೆಯ ಬುಟ್ಟಿಯನ್ನು ಎಡಭುಜದ ಮೇಲೆ ಹೊತ್ತು ಹೊತ್ತು ಆ ಭುಜ ಒಂದೂಕಾಲು ಇಂಚು ಕೆಳಗಿಳಿಯಿತು. ಒಂದೂಕಾಲು ಎಂದು ಟೇಪಕ್ಕ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಟೇಪಕ್ಕನ ಮೊದಲ ಹೊಲಿಗೆ ಯಂತ್ರ ಬಂದದ್ದು ಆ ಭುಜದ ದುಡಿಮೆಯಿಂದಲೇ. ಅಕ್ಕ ಮದುವೆಯಾಗಲಿಲ್ಲ. ಐದು ಗಂಟೆ ಬಸ್ಸಿನ ದೂರದಲ್ಲಿ, ಇನ್ನೂ ಲಾಂಡ್ರಿಯಲ್ಲೇ, ಈಗ ಇಸ್ತ್ರಿಯವರ ಮೇಲ್ವಿಚಾರಕಿ.

ಆ ಫೋಟೋಕ್ಕಾಗಿ ಟೇಪಕ್ಕ ಅಕ್ಕನಿಗೆ ಒಂದು ಹಸಿರು ಕೋಟು ಹೊಲಿದಳು. ಅಳತೆ ಬೇಕಾಗಿರಲಿಲ್ಲ. ಎಡಭುಜದ ಒಳಗೆ ಎರಡು ಪದರದ ಪ್ಯಾಡು ಇಟ್ಟಳು, ಹಾಕಿಕೊಂಡರೆ ಎರಡೂ ಭುಜ ಸಮ. ಗುಂಡಿಯ ಕಾಜಗಳನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಹೊಲಿದು ಪಾರ್ಸೆಲ್ ಕಳಿಸಿದಳು.

ಆಮೇಲೆ ಲೆನ್ಸು ಆರಿಸಲು ಹೋದಳು.

ಹಳೆಯ ಕ್ಯಾಮೆರಾ ಸಾಮಾನು ಮಾರುವ ಮುದುಕನೊಬ್ಬನಿದ್ದ, ಎಲ್ಲರೂ ಅವನನ್ನು ಲೆನ್ಸಜ್ಜ ಎನ್ನುತ್ತಿದ್ದರು. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ. ಅವನ ಅಂಗಡಿಯ ನೆಲದ ಮೇಲೆ ಹಿಂದಿನ ಗೋಡೆಯಿಂದ ಹಿಡಿದು ಹೆಜ್ಜೆಗೊಂದು ಬಿಳಿ ಬಣ್ಣದ ಗೆರೆ, ಪ್ರತಿ ಗೆರೆಗೂ ಒಂದು ಅಂಕಿ. ಒಂದರಿಂದ ಏಳರವರೆಗೆ ಅಂಗಡಿಯೊಳಗೆ, ಎಂಟರಿಂದ ಹನ್ನೆರಡು ಹೊರಗಿನ ಕಾಲುದಾರಿಯ ಮೇಲೆ. ದಾರಿಹೋಕರು ಅದನ್ನು ಮಕ್ಕಳ ಕುಂಟೆಬಿಲ್ಲೆ ಎಂದುಕೊಂಡು ಹಾರುತ್ತಿದ್ದರು.

"ಎಲ್ಲಕ್ಕೂ ಆಗೋ ಲೆನ್ಸ್ ಕೊಡಿ ಅಜ್ಜ," ಎಂದಳು ಟೇಪಕ್ಕ.

"ಎಲ್ಲಕ್ಕೂ ಆಗೋದು ಅಂತ ಒಂದಿಲ್ಲಮ್ಮ. ನಿಮ್ಮ 'ಎಲ್ಲ' ಅಂದ್ರೆ ಏನು, ಅದನ್ನ ಮೊದಲು ಹೇಳಿ."

ಅವಳು ಹೇಳಿದಳು. ಅಂಗಡಿ ಮುಂದಿನ ಪಾರಿವಾಳ, ಮಗಳ ಮುಖ, ಹೊಲಿದ ಬಟ್ಟೆ, ಭಾನುವಾರ ಮನೆಯಲ್ಲಿ ಎಂಟು ಜನರ ಒಂದು ಫೋಟೋ. ಅಜ್ಜ ಎರಡು ಲೆನ್ಸು ತಂದು ಮೇಜಿನ ಮೇಲಿಟ್ಟ. ಒಂದು ಗಿಡ್ಡ, ಒಂದು ಸ್ವಲ್ಪ ಉದ್ದ.

"ಇದು ಹದಿನೆಂಟರಿಂದ ಶುರು, ಅದು ಇಪ್ಪತ್ತೆಂಟರಿಂದ. ಶುರುವಿನ ಅಂಕಿ ಚಿಕ್ಕದಾದಷ್ಟೂ ಅಗಲ ಜಾಸ್ತಿ, ಸಣ್ಣ ಜಾಗದಲ್ಲೂ ಎಲ್ರೂ ಹಿಡಿಸ್ತಾರೆ. ಕೊನೇ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತೆ. ಉದ್ದಂದು ಇನ್ನೂರರವರೆಗೆ ಹೋಗುತ್ತೆ, ಪಾರಿವಾಳದ ಕಣ್ಣು ಎಣಿಸಬಹುದು. ಆದ್ರೆ ಜನ ದೂರದ್ದು ನೋಡಿ ತಗೋತಾರೆ, ಫೋಟೋ ತೆಗೆಯೋದು ಮನೆ ಒಳಗೆ. ಅದಕ್ಕೇ ನಾನು ಒಂದೇ ಪ್ರಶ್ನೆ ಕೇಳೋದು. ಮನೇಲಿ ದೊಡ್ಡ ಕೋಣೆ ಎಷ್ಟು ಹೆಜ್ಜೆ?"

ಅಷ್ಟರಲ್ಲಿ ಪಕ್ಕದಿಂದ ಒಂದು ದನಿ. "ಅರೆ, ಟೇಪಕ್ಕ. ನೀವೂ ಫೋಟೋ ತೆಗೀತೀರಾ?"

ಏಳನೆಯ ಮಹಡಿಯ ಆಫೀಸಿನ ಮೇಡಂ. ಹೋದ ವಾರವಷ್ಟೇ ಟೇಪಕ್ಕ ಅವರ ಬೂದು ಕೋಟಿನ ತೋಳು ಗಿಡ್ಡ ಮಾಡಿಕೊಟ್ಟಿದ್ದಳು. ಮೇಡಂ ಕೆಟ್ಟವರಲ್ಲ, ನಗುತ್ತಲೇ ಕೇಳಿದ್ದರು. ಆದರೆ ಆ 'ನೀವೂ' ಎಂಬುದು ಟೇಪಕ್ಕನಿಗೆ ಉಗುರಿನ ಸಂದಿಯಲ್ಲಿ ಸೂಜಿ ಹೋದ ಹಾಗೆ ಚುಚ್ಚಿತು.

"ನನಗೂ ಹೀಗೇ ಕೇಳಿದ್ರು ಅಜ್ಜ," ಎಂದರು ಮೇಡಂ. "ನಮ್ಮ ಹಾಲ್ ಹನ್ನೆರಡು ಹೆಜ್ಜೆ ಬಂತು. ರಸ್ತೆಗೇ ಹೋಗಿ ನಿಲ್ಲಬೇಕಾಯ್ತು."

ಅಜ್ಜ ಪೆನ್ನು ಹಿಡಿದು ಕಾಯುತ್ತಿದ್ದ. "ನಿಮ್ಮದು ಎಷ್ಟಮ್ಮ?"

ಟೇಪಕ್ಕನ ಮನೆಯಲ್ಲಿ ಇದ್ದದ್ದೇ ಒಂದು ದೊಡ್ಡ ಕೋಣೆ. ಅದರಲ್ಲೇ ಅಮ್ಮನ ಮಂಚ, ಊಟದ ಮೇಜು, ಮಗಳ ಓದು, ಒಂದು ಮೂಲೆಗೆ ಒಲೆ. ಬಾಗಿಲಿನಿಂದ ಕಿಟಕಿಗೆ ನಾಲ್ಕು ಹೆಜ್ಜೆ. ಅವಳ ಕಾಲಿಗೆ ಅದು ಕಣ್ಣು ಮುಚ್ಚಿದರೂ ಗೊತ್ತು.

"ಒಂಬತ್ತು," ಎಂದಳು.

ಆಡಿದ ಮಾತನ್ನು ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಲಾಗುವುದಿಲ್ಲ. ಮೇಡಂ "ಓ, ಒಳ್ಳೆ ದೊಡ್ಡ ಮನೆ" ಎಂದು ತಮ್ಮ ಚೀಲ ಎತ್ತಿಕೊಂಡು ಹೋದರು. ಅಜ್ಜ ಅವಳ ಕೊರಳ ಟೇಪನ್ನೊಮ್ಮೆ ನೋಡಿದ, ರಸೀದಿಯ ಬೆನ್ನಿಗೆ ಏನೋ ಬರೆದ.

"ಒಂಬತ್ತಿದ್ರೆ ಉದ್ದಂದೇ ತಗೊಳ್ಳಿ. ಎಂಟು ಜನ ಆರಾಮಾಗಿ ಬರ್ತಾರೆ. ಸರಿಹೋಗದಿದ್ರೆ ಎಂಟು ದಿನದೊಳಗೆ ವಾಪಸ್ ತನ್ನಿ, ಬದಲಾಯಿಸಿ ಕೊಡ್ತೀನಿ."

ಆ ಸಂಜೆಯೇ ಸರಿಹೋಗುವುದಿಲ್ಲ ಎಂದು ಗೊತ್ತಾಯಿತು. ಬೆನ್ನನ್ನು ಬಾಗಿಲಿಗೆ ಒತ್ತಿಕೊಂಡು ನಿಂತರೂ ಕಂಡದ್ದು ಮಂಚದ ಅರ್ಧ, ಗಂಡ, ಬೀರುವಿನ ಒಂದು ಬಾಗಿಲು. ಲೆನ್ಸಿನ ಉಂಗುರ ತಿರುಗಿಸಿದರೆ ಇನ್ನೂ ಹತ್ತಿರ ಬರುತ್ತಿತ್ತೇ ಹೊರತು ಹಿಂದೆ ಸರಿಯುತ್ತಿರಲಿಲ್ಲ.

"ಭೇಷ್," ಎಂದ ಗಂಡ ಚಿತ್ರ ನೋಡಿ. "ನನ್ನ ಮೂಗಿನ ಕೂದಲು ಒಂದೊಂದೂ ಕಾಣುತ್ತೆ. ಮನೆ ಮಾತ್ರ ಕಾಣಲ್ಲ."

"ಅಮ್ಮ, ಬದಲಾಯಿಸ್ಕೊಂಡು ಬಾ," ಎಂದಳು ಮಗಳು. "ಎಂಟು ದಿನ ಟೈಮ್ ಕೊಟ್ಟಿದ್ದಾರಲ್ಲ."

"ನೋಡೋಣ," ಎಂದಳು ಟೇಪಕ್ಕ.

ನಾಲ್ಕನೆಯ ದಿನ ಲೆನ್ಸನ್ನು ಚೀಲದಲ್ಲಿಟ್ಟುಕೊಂಡು ಹೋದಳು ಕೂಡ. ಲೆನ್ಸಜ್ಜ ಬಾಗಿಲಲ್ಲಿ ನಿಂತು ಗಾಜು ಒರೆಸುತ್ತಿದ್ದ. ಒಳಗೆ ಹೋದರೆ ಅವನು ಕೇಳುವುದು ಒಂದೇ ಪ್ರಶ್ನೆ, ಯಾಕಮ್ಮ, ಕೋಣೆ ಒಂಬತ್ತು ಹೆಜ್ಜೆ ಅಲ್ವಾ. ಅವಳು ಎದುರಿನ ಅಂಗಡಿಗೆ ಹೋಗಿ, ಬೇಡದ ಒಂದು ಬಿಳಿ ದಾರದ ಉಂಡೆ ಕೊಂಡು ಮನೆಗೆ ಬಂದಳು. ಬಾಗಿಲ ಹೊರಗಿನ ಕಾರಿಡಾರಿನಲ್ಲಿ ಇನ್ನೆರಡು ಹೆಜ್ಜೆ ಸಿಗುತ್ತದೆ, ಹೇಗೋ ಮಾಡಿದರಾಯಿತು ಎಂದುಕೊಂಡಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅವಳು ಕಾಲನ್ನೇನೋ ಮಡಚಿದ್ದಳು, ನಾಲಿಗೆಯನ್ನು ಚಾಚಿದ್ದಳು.

ಭಾನುವಾರ ಎಲ್ಲರೂ ಬಂದರು. ತಂಗಿ, ಅವಳ ಗಂಡ, ಅವರ ಐದು ವರ್ಷದ ಮಗು. ಹನ್ನೊಂದು ಗಂಟೆಗೆ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಹಸಿರು ಕೋಟಿನ ಮಡಿಕೆ ಕೆಡಬಾರದೆಂದು ಐದು ಗಂಟೆ ಬಸ್ಸಿನಲ್ಲಿ ಅದನ್ನು ಮಡಿಲ ಮೇಲಿಟ್ಟುಕೊಂಡು ಬಂದು, ಕೆಳಗಿನ ಮಹಡಿಯಲ್ಲಿ ನಿಂತು ಹಾಕಿಕೊಂಡಿದ್ದಳು. ಅಮ್ಮ ನೋಡಿ, "ನೀನೇ ಏನೇ? ಯಾರೋ ಆಫೀಸರು ಅಂದ್ಕೊಂಡೆ" ಎಂದರು. ಅಕ್ಕ ಕನ್ನಡಿಯ ಮುಂದೆ ಒಂದು ಸಲ ಹೋದಳು, ಏನೋ ನೆಪ ಮಾಡಿಕೊಂಡು ಮತ್ತೊಂದು ಸಲ ಹೋದಳು. ಟೇಪಕ್ಕ ಎರಡನ್ನೂ ಕಂಡಳು, ಕಾಣದವಳ ಹಾಗೆ ಇದ್ದಳು. ಎರಡೂ ಭುಜ ನೂಲು ಹಿಡಿದ ಹಾಗೆ ಸಮವಾಗಿದ್ದವು.

ಅಕ್ಕನ ವಾಪಸ್ ಬಸ್ಸು ಎರಡೂವರೆಗೆ. ಮೊದಲು ಅಮ್ಮ ಮತ್ತು ಮೂವರು ಹೆಣ್ಣುಮಕ್ಕಳ ಫೋಟೋ ತೆಗೆಯೋಣ ಎಂದಳು ಟೇಪಕ್ಕ. ತಂಗಿ ಬೇಡವೆಂದಳು. "ಮಗುಗೆ ನಿದ್ದೆ ಬರ್ತಿದೆ ಕಣೇ. ಮೊದಲು ಎಲ್ರದ್ದೂ ಆಗಲಿ. ಆಮೇಲೆ ನಮ್ಮದು ಎಷ್ಟು ಬೇಕಾದ್ರೂ ತೆಗಿ."

ಅಮ್ಮನನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದರು. ಟೇಪಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನೋಡಿದಳು, ಐದು ಜನ ಮಾತ್ರ ಹಿಡಿಸಿದರು. ಮಂಚವನ್ನು ನಿಲ್ಲಿಸಿ ಗೋಡೆಗೆ ಒರಗಿಸಿದರು, ಆರು ಜನ. ಕ್ಯಾಮೆರಾವನ್ನು ಹೊರಗಿನ ಕಾರಿಡಾರಿಗೆ ತಂದು, ಪಕ್ಕದ ಮನೆಯವರ ಇಸ್ತ್ರಿ ಹಲಗೆಯ ಮೇಲಿಟ್ಟು, ಒಳಗಿದ್ದವರು ಕಿಟಕಿಯ ಗೋಡೆಗೆ ಅಂಟಿ ನಿಂತರು. ಈಗ ಬಾಗಿಲ ಚೌಕಟ್ಟೇ ಎರಡೂ ಕಡೆ ಅಡ್ಡ ಬಂತು. ತಂಗಿಯ ಗಂಡ ಬಾಗಿ ನೋಡಿ ತಲೆಯಾಡಿಸಿದ.

"ಅತ್ತಿಗೆ, ಈ ಲೆನ್ಸು ಮೈದಾನಕ್ಕೆ ಆಗೋದು. ಏನು ಮಾಡಿದ್ರೂ ಎಡಗಡೆ ಒಬ್ಬರು ಆಚೆ ಹೋಗ್ತಾರೆ."

ಎಲ್ಲರೂ ಒತ್ತಿಕೊಂಡರು, ಉಸಿರು ಬಿಗಿ ಹಿಡಿದರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡರು. ಮುಕ್ಕಾಲು ಗಂಟೆ ಹೋಯಿತು. ಅಮ್ಮನ ಪಾದ ಊದತೊಡಗಿತ್ತು. ಮಗು ಅಳಲು ಶುರುಮಾಡಿತು. ಯಾರಾದರೂ ಒಬ್ಬರು ಸರಿಯಬೇಕಿತ್ತು. ತಂಗಿಗೆ ಹೇಳಿದರೆ ಮುಖ ಊದಿಸಿಕೊಳ್ಳುತ್ತಾಳೆ, ತಂಗಿಯ ಗಂಡನಿಗೆ ಹೇಳುವ ಹಾಗಿಲ್ಲ, ಕ್ಯಾಮೆರಾ ಕೊಟ್ಟವನೇ ಅವನು. ಏನು ಹೇಳಿದರೂ 'ಆಗಲಿ' ಎನ್ನುವವಳು ಆ ಕೋಣೆಯಲ್ಲಿ ಒಬ್ಬಳೇ ಇದ್ದಳು.

"ಅಕ್ಕ, ನೀನು ಒಂಚೂರು ಆ ಕಡೆ ಸರಿ," ಎಂದಳು ಟೇಪಕ್ಕ. "ಮುಂದಿನದ್ರಲ್ಲಿ ನಾವು ಮೂವರೂ ಅಮ್ಮನೂ."

"ಆಗಲಿ," ಎಂದಳು ಅಕ್ಕ. ಒಂದು ಹೆಜ್ಜೆ ಸರಿದಳು. ಅಮ್ಮನ ಕುರ್ಚಿ ಅಲ್ಲಾಡುತ್ತಿದ್ದುದರಿಂದ ಅದರ ಬೆನ್ನನ್ನು ಹಿಡಿದ ಕೈ ಮಾತ್ರ ಬಿಡಲಿಲ್ಲ. ಕ್ಯಾಮೆರಾ ಹತ್ತು ಎಣಿಸಿತು, ಟೇಪಕ್ಕ ಓಡಿ ಬಂದು ತಂಗಿಯ ಪಕ್ಕ ನಿಂತಳು, ಫೋಟೋ ಆಯಿತು.

ಮುಂದಿನದು ಆಗಲಿಲ್ಲ. ಅಮ್ಮನಿಗೆ ಏದುಸಿರು ಬಂತು. ಮಂಚ ಇಳಿಸಿ ಮಲಗಿಸಿ, ಕಾಲಡಿಗೆ ದಿಂಬು ಕೊಟ್ಟು, ನೀರು ಕುಡಿಸುವಷ್ಟರಲ್ಲಿ ಎರಡು ಗಂಟೆ. ಅಮ್ಮ ನಿದ್ದೆಹೋದರು. ಅಕ್ಕ ಕೋಟು ಬಿಚ್ಚಿ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಎಬ್ಬಿಸಬೇಡಿ. ನಾಳೆ ಬೆಳಿಗ್ಗೆ ಆರಕ್ಕೆ ನಂದೇ ಪಾಳಿ. ಬಸ್ಸು ತಪ್ಪಿದ್ರೆ ಆಗಲ್ಲ," ಎಂದು ಮೆಟ್ಟಿಲಿಳಿದಳು.

ಫೋಟೋ ಚೆನ್ನಾಗಿ ಬಂದಿತ್ತು, ಅದೇ ದೊಡ್ಡ ಕಷ್ಟ. ಎಲ್ಲರ ಕಣ್ಣೂ ತೆರೆದಿತ್ತು, ಮಗುವೂ ನಕ್ಕಿತ್ತು. ಎಡಗಡೆಯ ಅಂಚಿನಲ್ಲಿ, ಕುರ್ಚಿಯ ಬೆನ್ನಿನ ಮೇಲೆ, ಹಸಿರು ತೋಳಿನ ಒಂದು ಕೈ. ಮೊಣಕೈಯಿಂದಾಚೆ ಏನಿಲ್ಲ.

"ಆ ಅಂಗಡಿ ಮುದುಕನಿಗೆ ಬುದ್ಧಿ ಬೇಡ್ವಾ?" ಎಂದ ತಂಗಿಯ ಗಂಡ. "ಕೋಣೆ ಅಳತೆ ಕೇಳದೆ ಲೆನ್ಸು ಕೊಡಲ್ಲ ಅಂತ ಹೆಸರು ಬೇರೆ."

"ಉಳಿದುಹೋದ ಮಾಲು, ಇವಳ ತಲೆಗೆ ಕಟ್ಟಿದಾನೆ," ಎಂದ ಗಂಡ. "ನಾಳೆ ನಾನೇ ಬರ್ತೀನಿ, ವಿಚಾರಿಸ್ತೀನಿ."

ಆಗ ಹೇಳಬಹುದಿತ್ತು. ಟೇಪಕ್ಕ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು.

ಮರುದಿನ ಎಂಟನೆಯ ದಿನ. ಗಂಡ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಬಂದ. ದಾರಿಯುದ್ದಕ್ಕೂ ಅವಳು ಏನಾದರೂ ಹೇಳಿ ಅವನನ್ನು ತಿರುಗಿಸಬೇಕೆಂದು ನೋಡಿದಳು. ಬೇಡ ಬಿಡ್ರೀ, ಪಾಪ ವಯಸ್ಸಾದವರು ಎಂದಳು. ಅದಕ್ಕೇ ಎಲ್ರೂ ನಿನ್ನ ತಲೆ ಮೇಲೆ ಮೆಣಸು ಅರೀತಾರೆ ಎಂದ ಅವನು.

"ಏನಜ್ಜ," ಎಂದು ಹೊಸ್ತಿಲಲ್ಲೇ ಶುರುಮಾಡಿದ. "ಹೆಣ್ಣುಮಗಳು ಒಬ್ಬಳೇ ಬಂದ್ರೆ ಏನು ಬೇಕಾದ್ರೂ ಕಟ್ಟಿ ಕಳಿಸೋದಾ? ಎಂಟು ಜನ ಹಿಡಿಸ್ತಾರೆ ಅಂದ್ರಂತೆ. ನನ್ನ ಹೆಂಡತಿ ಅಕ್ಕ ಆಚೆ ನಿಲ್ಲಬೇಕಾಯ್ತು."

ಅಜ್ಜ ಹಣೆಯ ಕನ್ನಡಕ ಮೂಗಿಗಿಳಿಸಿದ. "ರಸೀದಿ ಇದೆಯಾ? ಹಿಂದೆ ಬರೆದಿರ್ತೀನಿ ನೋಡಿ."

ಟೇಪಕ್ಕ ಎಂಟು ಮಡಿಕೆ ಮಾಡಿದ ರಸೀದಿ ತೆಗೆದಳು. ಕೊಡುವುದೊಂದೇ ದಾರಿಯಿತ್ತು. ಗಂಡ ಬಿಡಿಸಿ ಓದಿದ. "ಜನ ಎಂಟು. ಕೋಣೆ ಒಂಬತ್ತು ಹೆಜ್ಜೆ." ಓದಿ ಜೋರಾಗಿ ನಕ್ಕ. "ಒಂಬತ್ತಾ? ನಮ್ಮನೇಲಿ ಒಂಬತ್ತು ಹೆಜ್ಜೆ ಇಟ್ಟರೆ ಪಕ್ಕದ ಮನೆಯೋರ ಹಾಸಿಗೆ ಮೇಲಿರ್ತೀವಿ. ಬೇರೆ ಯಾರದೋ ಬರ್ಕೊಂಡಿದೀರಿ ಅಜ್ಜ."

ಅಜ್ಜ ಟೇಪಕ್ಕನ ಮುಖ ನೋಡಿದ. ಗಂಡನೂ ತಿರುಗಿ ನೋಡಿದ. ನಗು ಅವನ ಮುಖದ ಮೇಲೆ ಇನ್ನೂ ಇತ್ತು. ಒಲೆ ಆರಿಸಿದ ಮೇಲೂ ಪಾತ್ರೆ ಸ್ವಲ್ಪ ಹೊತ್ತು ಬಿಸಿಯಿರುವ ಹಾಗೆ. ಆಮೇಲೆ ಅದೂ ಹೋಯಿತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವಳಿಗೆ. ನೆಲದ ಮೇಲೆ ಕಾಲಡಿಗೇ ನಾಲ್ಕು ಎಂಬ ಅಂಕಿಯಿತ್ತು.

"ನಾನೇ ಹೇಳಿದ್ದು," ಎಂದಳು.

ಅಜ್ಜನೇ ಮಾತಾಡಿದ, ಮೆಲ್ಲಗೆ, ಯಾರನ್ನೂ ನೋಡದೆ ಮೇಜು ಒರೆಸುತ್ತ. "ಬರೋರೆಲ್ಲ ಎರಡು ಹೆಜ್ಜೆ ಜಾಸ್ತಿನೇ ಹೇಳೋದು ಸ್ವಾಮಿ. ನನಗೂ ಗೊತ್ತು. ಎರಡು ಕಳೆದೇ ಲೆನ್ಸು ಕೊಡ್ತೀನಿ. ಈಯಮ್ಮನ ಕೊರಳಲ್ಲಿ ಟೇಪಿತ್ತು. ಅಳತೆ ಕೆಲಸದೋರು, ಇವರು ಇದ್ದದ್ದೇ ಹೇಳಿರ್ತಾರೆ ಅಂತ ಏನೂ ಕಳೀಲಿಲ್ಲ. ತಪ್ಪು ನಂದೂ ಇದೆ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಅಜ್ಜ ತಪ್ಪನ್ನು ಅರ್ಧ ತನ್ನ ಕಡೆಗೆ ಎಳೆದುಕೊಂಡಾಗ ಅವಳ ಕೈ ತಾನಾಗಿ ಕೊರಳಿಗೆ ಹೋಗಿ ಟೇಪನ್ನು ಎಳೆದು ಮುಷ್ಟಿಯೊಳಗೆ ಸುತ್ತಿಕೊಂಡಿತು. ಅಜ್ಜ ಗಿಡ್ಡ ಲೆನ್ಸನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿ, "ನಾಲ್ಕನೇ ಗೆರೆ ಮೇಲೆ ನಿಂತು ನೋಡಿ" ಎಂದ. ನೋಡಿದಳು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಇತ್ತು. ಎಂಟಲ್ಲ, ಹತ್ತು ಜನ ಬರುತ್ತಿದ್ದರು. ಉಂಗುರ ತಿರುಗಿಸಿದರೆ ರಸ್ತೆಯಾಚೆಯ ಪಾರಿವಾಳವೂ ಸಾಕಷ್ಟು ಹತ್ತಿರ ಬಂತು. ಅವಳಿಗೆ ಬೇಕಾಗಿದ್ದ 'ಎಲ್ಲ' ಇಷ್ಟೇ ಆಗಿತ್ತು.

ವಾಪಸ್ ಬರುವಾಗ ಗಂಡ ಎರಡು ರಸ್ತೆ ಮುಂದೆ ಮುಂದೆಯೇ ನಡೆದ. ಮೂರನೆಯ ತಿರುವಿನಲ್ಲಿ, "ಒಂಬತ್ತು ಹೆಜ್ಜೆ ಮನೆ ಬೇಕಿತ್ತಾ ನಿನಗೆ?" ಎಂದ. ಸಿಟ್ಟಿರಲಿಲ್ಲ. "ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲಾನೂ ಹೇಳಲಿಲ್ಲ."

"ಬೇಕಿರಲಿಲ್ಲ ರೀ."

"ಮತ್ತೆ?"

ಮನೆ ಸಣ್ಣದೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ, ಆ ಒಂದು ನಿಮಿಷ ಬಿಟ್ಟರೆ. ಆ ಒಂದು ನಿಮಿಷವೇ ರಸೀದಿಯ ಬೆನ್ನಿನ ಮೇಲೆ ಕೂತಿತ್ತು. ಆ ದಿನದಿಂದ ಗಂಡ ಮನೆಯ ಬಗ್ಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಕೇಳಿಸುತ್ತಿತ್ತು.

ಎರಡು ವಾರ ಬಿಟ್ಟು ಅವಳು ಅಕ್ಕನ ಊರಿಗೆ ಬಸ್ಸು ಹತ್ತಿದಳು. ಅಕ್ಕನನ್ನು ಒಬ್ಬಳನ್ನೇ ಕೂರಿಸಿ ಒಂದು ಒಳ್ಳೆಯ ಫೋಟೋ ತೆಗೆದು, ಅಮ್ಮನಿಗೆ ಕೊಡಬೇಕೆಂಬುದು ಲೆಕ್ಕ. ಹೇಳುವುದನ್ನು ಹೇಳದೆ ತೀರಿಸಿಬಿಡಬಹುದು ಎಂಬುದು ಆ ಲೆಕ್ಕದೊಳಗಿನ ಲೆಕ್ಕ.

ಅಕ್ಕನ ಕೋಣೆ ಲಾಂಡ್ರಿಯ ಹಿಂಭಾಗದಲ್ಲಿ. ಮೂರು ಹೆಜ್ಜೆಯೂ ಇರಲಿಲ್ಲ. ಗೋಡೆಯಾಚೆ ಯಂತ್ರಗಳು ಗುಂಯ್ಗುಡುತ್ತಿದ್ದವು, ಇಡೀ ಕೋಣೆಗೆ ಸೋಪಿನ ವಾಸನೆ. ತಂಗಿ ಎಲ್ಲರಿಗೂ ಅಂಚೆಯಲ್ಲಿ ಕಳಿಸಿದ್ದ ಫೋಟೋ ಕನ್ನಡಿಯ ಮೂಲೆಗೆ ಸಿಕ್ಕಿಸಿತ್ತು. ಮೊಳೆಗೆ ಹಸಿರು ಕೋಟು ನೇತಾಡುತ್ತಿತ್ತು. ದರ್ಜಿಯ ಕಣ್ಣಿಗೆ ಬೇರೇನೂ ಕಾಣುವ ಮೊದಲು ಅದು ಕಂಡಿತು. ಎಡಭುಜ ಜೋತುಬಿದ್ದಿತ್ತು. ಹತ್ತಿರ ಹೋಗಿ ಅಸ್ತರು ಮುಟ್ಟಿದಳು. ಒಳಗಿನ ಪ್ಯಾಡು ಇರಲಿಲ್ಲ. ಬಿಚ್ಚಿದ ಜಾಗವನ್ನು ಯಾರೋ ದಪ್ಪ ದಾರದಲ್ಲಿ, ಹೊಲಿಗೆ ಬಾರದ ಕೈಯಲ್ಲಿ, ಮತ್ತೆ ಹೊಲಿದಿದ್ದರು.

"ಪ್ಯಾಡು ಎಲ್ಲಿ ಅಕ್ಕ?"

"ತೆಗೆದುಬಿಟ್ಟೆ," ಎಂದಳು ಅಕ್ಕ ಚಹಾಕ್ಕೆ ನೀರಿಡುತ್ತ. "ಅದನ್ನಿಟ್ಟರೂ ಗೊತ್ತಾಗೇ ಗೊತ್ತಾಗುತ್ತೆ. ಅವತ್ತು ನೀನು ಆ ಕಡೆ ಸರಿ ಅಂದೆಯಲ್ಲ, ಆಗಲೇ ಅನ್ಕೊಂಡೆ. ಫೋಟೋಕ್ಕೆ ಭುಜ ಸೊಟ್ಟ ಕಾಣ್ತಿರಬೇಕು, ಪಾಪ ಬಾಯಿಬಿಟ್ಟು ಹೇಳೋಕಾಗದೆ ಸರಿ ಅಂದಿದಾಳೆ ಅಂತ. ಅದರಲ್ಲಿ ತಪ್ಪೇನಿದೆ. ಎಂಬತ್ತು ವರ್ಷದ ಅಮ್ಮನ ಫೋಟೋ, ಚೆನ್ನಾಗಿ ಬರಬೇಕಲ್ಲ. ನನ್ನ ಕೈ ಮಾತ್ರ ಚೆನ್ನಾಗಿ ಬಂದಿದೆ, ತೋಳಿನ ತುದಿಯ ಕಾಜಗಳೂ ಕಾಣ್ತವೆ."

ಟೇಪಕ್ಕನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಎರಡು ವಾರ ಅಕ್ಕ ಇದನ್ನು ಎದೆಯಲ್ಲಿಟ್ಟುಕೊಂಡು ಬುಟ್ಟಿ ಎಣಿಸಿದ್ದಳು. ಟೇಪಕ್ಕ ಹೇಳಿಬಿಟ್ಟಳು. ಅಜ್ಜನ ಗೆರೆಗಳು, ಮೇಡಂ, ಒಂಬತ್ತು, ದಾರದ ಉಂಡೆ, ಎಲ್ಲವನ್ನೂ, ಒಂದನ್ನೂ ಬಿಡದೆ.

ಅಕ್ಕ ಮೊದಲು ನಕ್ಕಳು. "ನಾಲ್ಕು ಅನ್ನೋಕೆ ಏನಾಗಿತ್ತೇ? ನಾವು ಐದು ಜನ ಬೆಳೆದದ್ದು ಎರಡೂವರೆ ಹೆಜ್ಜೇಲಿ." ನಗುತ್ತ 'ಅಯ್ಯೋ' ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನಗು ಎಲ್ಲಿಗೋ ಹೋಯಿತು. ಚಹಾ ಉಕ್ಕಿತು, ಇಳಿಸಿದಳು.

"ಆ ಏಳನೇ ಮಹಡಿಯೋರು ನಿನಗೆ ಏನಾಗಬೇಕು?"

"ಏನೂ ಇಲ್ಲ ಅಕ್ಕ."

"ನಾನು?"

ಅಕ್ಕ ಚಹಾ ಸೋಸಿ ಲೋಟವನ್ನು ಅವಳ ಮುಂದಿಟ್ಟಳು. ಇಟ್ಟದ್ದು ಸ್ವಲ್ಪ ಜೋರಾಗಿಯೇ.

ಚೀಲದಿಂದ ಕ್ಯಾಮೆರಾ ತೆಗೆಯಹೋದಾಗ ಅಕ್ಕ ಕೈ ಅಡ್ಡ ಇಟ್ಟಳು. "ಇವತ್ತು ಬೇಡ. ನನ್ನ ಒಬ್ಬಳದ್ದು ಅಮ್ಮ ಕೇಳಿಲ್ಲ. ರಜಾ ಸಿಕ್ಕಾಗ ನಾನೇ ಬರ್ತೀನಿ."

"ಪ್ಯಾಡು ಕೊಡು, ಕೂರಿಸಿಕೊಡ್ತೀನಿ."

"ಅದೂ ಬೇಡ. ಭುಜ ಎಷ್ಟಿದೆಯೋ ಅಷ್ಟೇ ಇರಲಿ. ಒಂದೂಕಾಲು ಅಂತ ನಿನಗೇ ಗೊತ್ತಲ್ಲ."

ನಾಲ್ಕು ತಿಂಗಳಾದ ಮೇಲೆ ಅಕ್ಕ ಬಂದಳು. ಆ ಕೋಣೆಯಲ್ಲೇ, ಮಂಚ ಎತ್ತದೆ, ಕ್ಯಾಮೆರಾವನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು, ಅಮ್ಮನೂ ಮೂವರು ಹೆಣ್ಣುಮಕ್ಕಳೂ ಇರುವ ಫೋಟೋ ಮೂರು ನಿಮಿಷದಲ್ಲಿ ಆಯಿತು. ಎರಡೂ ಪಕ್ಕ ಜಾಗ ಮಿಕ್ಕಿತ್ತು. ಅದರಲ್ಲಿ ಅಕ್ಕನ ಎಡಭುಜ ಇದ್ದ ಹಾಗೇ ಇದೆ, ಅಕ್ಕ ನೇರವಾಗಿ ನೋಡುತ್ತಿದ್ದಾಳೆ. ಟೇಪಕ್ಕನೊಬ್ಬಳೇ ಸ್ವಲ್ಪ ಕೆಳಗೆ ನೋಡುತ್ತಿದ್ದಾಳೆ. ಇನ್ನೊಂದು ತೆಗೆಯೋಣವೆಂದರೆ ಅಮ್ಮ ಒಪ್ಪಲಿಲ್ಲ, ನನಗೆ ಬೇಕಾಗಿದ್ದು ಸಿಕ್ಕಿತು ಎಂದರು.

ಹೊಸದನ್ನು ಗೋಡೆಗೆ ಹಾಕುವಾಗ ಟೇಪಕ್ಕ ಅಲ್ಲೇ ಇದ್ದ ಹುಟ್ಟುಹಬ್ಬದ ಫೋಟೋವನ್ನು ಇಳಿಸಹೋದಳು.

"ಅದ್ಯಾಕೆ ಇಳಿಸ್ತೀ?" ಎಂದರು ಅಮ್ಮ ಮಂಚದಿಂದಲೇ. "ನನ್ನ ಕುರ್ಚಿ ಹಿಡಿದ ಕೈ ಅದು. ಅಲ್ಲೇ ಇರಲಿ."

ಈಗ ಎರಡೂ ಪಕ್ಕಪಕ್ಕದಲ್ಲಿವೆ. ಬಾಗಿಲು ತೆರೆದರೆ ಮೊದಲು ಕಾಣುವುದು ಆ ಹಸಿರು ತೋಳು.

ಚಳಿ ಶುರುವಾದಾಗ ಏಳನೆಯ ಮಹಡಿಯ ಮೇಡಂ ಒಂದು ಪ್ಯಾಂಟು ಹಿಡಿದು ಅಂಗಡಿಗೆ ಬಂದರು. ಸೊಂಟ ಬಿಗಿಯಾಗಿದೆ, ಬಿಡಿಸಬೇಕು ಎಂದರು. ಟೇಪಕ್ಕ ಅವರ ಸುತ್ತ ಟೇಪು ಹಿಡಿದಳು. ಮೇಡಂ ಉಸಿರು ಎಳೆದುಕೊಂಡು ಗೋಡೆ ನೋಡಿದರು. ಹಿಂದೆ ಇಬ್ಬರು ಕಾಯುತ್ತಿದ್ದರು, ಟೇಪಕ್ಕ ಈಗ ಏನನ್ನುತ್ತಾಳೆಂದು ನಗಲು ಸಿದ್ಧರಾಗಿ.

"ಮೇಡಂ," ಎಂದಳು ಟೇಪಕ್ಕ. "ಅವತ್ತು ಲೆನ್ಸಿನ ಅಂಗಡೀಲಿ ನಮ್ಮ ಮನೆ ಒಂಬತ್ತು ಹೆಜ್ಜೆ ಅಂದಿದ್ದೆ. ನಾಲ್ಕೇ ಇರೋದು."

ಮೇಡಂ ಅವಳನ್ನು ನೋಡಿದರು. "ಯಾವ ಅಂಗಡಿ?" ಎಂದರು. ಸ್ವಲ್ಪ ಯೋಚಿಸಿ, "ಓ, ಹೌದಾ," ಎಂದು ಮತ್ತೆ ಗೋಡೆಯ ಕಡೆ ತಿರುಗಿದರು. ಅವರಿಗೆ ಏನೂ ನೆನಪಿರಲಿಲ್ಲ.

ಟೇಪಕ್ಕನ ಕಿವಿ ಸುಟ್ಟುಹೋಗುವಷ್ಟು ಬಿಸಿಯಾಯಿತು. ಟೇಪು ತೋರಿಸಿದ ಅಂಕಿಯನ್ನು ಏನೂ ಹೇಳದೆ ಬರೆದುಕೊಂಡಳು. ಆಮೇಲೆ ಪ್ಯಾಂಟನ್ನು ತಿರುವಿ, ಸೀಮೆಸುಣ್ಣದಿಂದ ಗುರುತು ಹಾಕುವಾಗ, ಎಳೆದುಕೊಂಡ ಉಸಿರಿಗೆಂದು ಬರೆದದ್ದಕ್ಕಿಂತ ಎರಡು ಇಂಚು ಹೆಚ್ಚು ಬಿಟ್ಟಳು.